ಉಪನ್ಯಾಸಕಿ ಸಂಖ್ಯೆ ಒಂದು

ಸರಾಸರಿ ಮೇಷ್ಟ್ರನ್ನು ನಾನು ಬಹಳ ಹತ್ತಿರದಿಂದ ಬಲ್ಲೆ. ಎಷ್ಟು ಹತ್ತಿರ ಅಂದರೆ, ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯಲ್ಲಿ ದಿನಾ ಕಾಣಿಸುತ್ತಾರೆ. ಇಬ್ಬರಿಗೂ ಕನ್ನಡಕ ಒಂದೇ, ಹೆಂಡತಿಯೂ ಒಬ್ಬಳೇ. ಈ ಕಥೆಯಲ್ಲಿ ಅವರು ನಡೆದುಕೊಂಡ ರೀತಿ ನೋಡಿದರೆ 'ನಾನು' ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅದಕ್ಕೇ 'ಅವರು' ಅನ್ನುತ್ತಿದ್ದೇನೆ. ಈ ಗುಟ್ಟು ನಮ್ಮ ನಿಮ್ಮಲ್ಲೇ ಇರಲಿ.

ಮೇಷ್ಟ್ರು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು. ಎತ್ತರ ಸರಾಸರಿ, ತೂಕ ಸರಾಸರಿ. ಬುದ್ಧಿ ಮಾತ್ರ ಸರಾಸರಿಗಿಂತ ಒಂದು ಕೈ ಮೇಲು ಅಂತ ಅವರದೇ ಅಂದಾಜು. ಅಂಕಿ ಹೇಳದೆ ಮಾತು ಮುಗಿಸಿದವರಲ್ಲ. ದಾರಿಯಲ್ಲಿ ಯಾರಾದರೂ "ಚೆನ್ನಾಗಿದೀರಾ?" ಅಂದರೆ "ನೂರಕ್ಕೆ ಎಪ್ಪತ್ತೆರಡು" ಅನ್ನುತ್ತಿದ್ದರು. ಕೇಳಿದವರು ಮತ್ತೆ ಕೇಳುತ್ತಿರಲಿಲ್ಲ.

ಆ ವಿಶ್ವವಿದ್ಯಾಲಯದಲ್ಲಿ ನಲವತ್ತಮೂರು ಜನ ಉಪನ್ಯಾಸಕಿಯರಿದ್ದರು. ಅವರ ಪಾಲಿಗಿದ್ದದ್ದು ಹುಡುಗರ ಹಾಸ್ಟೆಲ್ಲಿನ ಹಿಂದಿನ ಒಂದೇ ಒಂದು ಆರೋಗ್ಯ ಕೇಂದ್ರ. ಅಲ್ಲಿಯ ಡಾಕ್ಟರು ಬೆಳಿಗ್ಗೆ ಹನ್ನೊಂದಕ್ಕೆ, ಅಂದರೆ ಎಲ್ಲರೂ ಪಾಠಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ಬಂದು, ಒಂದು ಗಂಟೆಗೆ, ಎಲ್ಲರೂ ಪಾಠ ಮುಗಿಸುವ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದರು. ಕಾಲು ನೋವು ಅಂದರೂ ಹಳದಿ ಮಾತ್ರೆ, ಗಂಟಲು ನೋವು ಅಂದರೂ ಹಳದಿ ಮಾತ್ರೆ ಕೊಡುತ್ತಿದ್ದುದರಿಂದ ಅವರಿಗೆ ಹಳದಿ ಮಾತ್ರೆ ಡಾಕ್ಟರು ಅಂತಲೇ ಹೆಸರು ಬಿದ್ದಿತ್ತು. ಉಪನ್ಯಾಸಕಿಯರು ಎರಡು ವರ್ಷ ಅರ್ಜಿ ಕೊಟ್ಟೂ ಕೊಟ್ಟೂ ಸುಸ್ತಾದ ಮೇಲೆ, ನೆಲಮಹಡಿಯ ಖಾಲಿ ಕೋಣೆಯೊಂದನ್ನು ಅವರ ಆರೋಗ್ಯ ಕೊಠಡಿ ಮಾಡಿ, ವಾರಕ್ಕೆರಡು ದಿನ ಲೇಡಿ ಡಾಕ್ಟರನ್ನು ಕರೆಸಲು ಮೇಲಿನವರು ಒಪ್ಪಿದರು. ಷರತ್ತು ಒಂದೇ: ಇಂಥದ್ದೊಂದು ಬೇಕು ಅನ್ನುವುದನ್ನು ಸಮೀಕ್ಷೆ ಮಾಡಿ ತಿಂಗಳ ಕೊನೆಯೊಳಗೆ ತೋರಿಸಬೇಕು. ಇಲ್ಲದಿದ್ದರೆ ಕೋಣೆ ಮುರಿದ ಕುರ್ಚಿಗಳಿಗೆ. ಕುರ್ಚಿಗಳ ವಿಷಯದಲ್ಲಿ ಯಾರೂ ಸಮೀಕ್ಷೆ ಕೇಳಿರಲಿಲ್ಲ.

ಸಮೀಕ್ಷೆಗೊಂದು ಸಮಿತಿ ಮಾಡಿ ರಿಜಿಸ್ಟ್ರಾರರು ಸಭೆಯಲ್ಲಿ ಐದು ಹೆಸರು ಓದಿದರು. ಮೇಷ್ಟ್ರು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವರು ಎದ್ದು ನಿಂತು ಕನ್ನಡಕ ಸರಿಮಾಡಿಕೊಂಡರು.

"ಸಾರ್, ಐದೂ ಜನ ಗಂಡಸರು. ಹೆಂಗಸರ ಪ್ರಮಾಣ ಸೊನ್ನೆ. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಇದು ಭಾರಿ ಲೋಪ."

"ಭೇಷ್ ಮೇಷ್ಟ್ರೇ! ನಿಮಗೆ ಇಷ್ಟು ಕಾಳಜಿ ಇದೆ ಅಂದ್ಮೇಲೆ ನೀವೇ ಅಧ್ಯಕ್ಷರಾಗಿಬಿಡಿ" ಅಂದರು ರಿಜಿಸ್ಟ್ರಾರರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಹೀಗೆ ಲೋಪ ಸರಿಹೋಗಿ, ಸಮಿತಿಯಲ್ಲಿ ಆರು ಜನ ಗಂಡಸರಾದರು.

ಮೇಷ್ಟ್ರ ಹೆಂಡತಿ ಅದೇ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ದಿನಕ್ಕೆ ನಾಲ್ಕು ಪಾಠ, ಪಾಠಕ್ಕೆ ನೂರಿಪ್ಪತ್ತು ಹುಡುಗರು, ಮೈಕು ಕೆಟ್ಟು ಮೂರು ವರ್ಷ. ಸಂಜೆ ಮನೆಗೆ ಬಂದರೆ ಮೊದಲ ಕೆಲಸ ಬಿಸಿ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುವುದು, ಎರಡನೆಯದು ಕಾಲು ಚಾಚಿ ಗೋಡೆಗೆ ಒರಗುವುದು. ಗಂಡ ಅಧ್ಯಕ್ಷನಾದ ಸುದ್ದಿ ಕೇಳಿ ಆಕೆ ಮುಕ್ಕಳಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರು.

"ನೀವಾ? ನಿಮಗೇನ್ರೀ ಗೊತ್ತು ನಮ್ಮ ಪಾಡು? ಕೂತ್ಕೊಳ್ಳಿ ಇಲ್ಲಿ. ನಾನು ಹೇಳ್ತೀನಿ, ಬರ್ಕೊಳ್ಳಿ."

"ಒಬ್ಬರ ಮಾತು ಅಂಕಿಅಂಶ ಆಗಲ್ಲ ಕಣೇ. ಅದನ್ನ ಗೊಣಗಾಟ ಅಂತಾರೆ. ನನಗೆ ಬೇಕಾಗಿರೋದು ಶಾಸ್ತ್ರೀಯ ಮಾಹಿತಿ."

"ಅದೇನು ಬೇಕೋ ಮಾಡಿ. ಆದ್ರೆ ಇದೊಂದು ಕೆಲಸ ನೆಟ್ಟಗೆ ಮಾಡಿ ರೀ. ನನ್ನ ಗಂಟಲು ಇನ್ನೊಂದು ತಿಂಗಳು ತಡೆಯಲ್ಲ. ಹೊರಗಡೆ ತೋರಿಸ್ಕೊಳ್ಳೋಣ ಅಂದ್ರೆ ನಾನು ಬಿಡೋ ಹೊತ್ತಿಗೆ ಅವರು ಬಾಗಿಲು ಹಾಕಿರ್ತಾರೆ, ರಜ ಕೇಳಿದ್ರೆ ಪರೀಕ್ಷೆ ಮುಗೀಲಿ ಅಂತಾರೆ. ಆ ಕೋಣೆ ಆದ್ರೆ ಎರಡು ಪಾಠದ ಮಧ್ಯೆ ಓಡಿ ಹೋಗಿ ತೋರಿಸ್ಕೊಂಡು ಬರ್ತೀನಿ. ಕೇಳಿಸ್ತಾ?"

"ಹೂಂ" ಅಂದರು ಮೇಷ್ಟ್ರು, ಪತ್ರಿಕೆಯಿಂದ ತಲೆಯೆತ್ತದೆ. ಈ 'ಹೂಂ' ಅವರ ಬಾಯಿಂದ ಸಂಜೆ ಹೊತ್ತು ಸರಾಸರಿ ನಲವತ್ತು ಸಲ ಬರುತ್ತಿತ್ತು.

ಹತ್ತು ದಿನ ಕೂತು ಮೇಷ್ಟ್ರು ಅರವತ್ತನಾಲ್ಕು ಪ್ರಶ್ನೆಗಳ ನಮೂನೆ ತಯಾರಿಸಿದರು. ಪ್ರತಿ ಪ್ರಶ್ನೆಗೂ ಹೌದು, ಇಲ್ಲ ಅಂತ ಎರಡು ಚೌಕ, ಪಕ್ಕದಲ್ಲಿ ವಿವರ ಬರೆಯಲು ಎರಡು ಗೆರೆ. ಹೆಸರು ಬೇಡ, ಉಪನ್ಯಾಸಕಿ ಸಂಖ್ಯೆ ಇಷ್ಟು ಅಂದರೆ ಸಾಕು. ಅದನ್ನು ಎದೆಗವಚಿಕೊಂಡು ಆಡಳಿತ ಕಚೇರಿಯ ಸೂಪರಿಂಟೆಂಡೆಂಟರ ಮುಂದೆ ನಿಂತರು. ಈ ಮಹಾನುಭಾವರಿಗೆ ಕ್ಯಾಂಪಸ್ಸಿನಲ್ಲಿ ಸೂಕ್ತಮಾರ್ಗ ಅಂತ ಅಡ್ಡಹೆಸರು. ಕಚೇರಿಗೆ ಬೆಂಕಿ ಬಿದ್ದರೂ ಆ ಸುದ್ದಿ ಸೂಕ್ತ ಮಾರ್ಗದ ಮೂಲಕ ಬರುವವರೆಗೆ ಅವರು ಕುರ್ಚಿ ಬಿಟ್ಟು ಏಳುವವರಲ್ಲ.

"ಎಲ್ಲಾ ಸರಿ. ವಿಭಾಗದ ಮುಖ್ಯಸ್ಥರ ಸಹಿಗೆ ಜಾಗ ಎಲ್ಲಿ?"

"ಇದು ಗುಟ್ಟಿನ ಸಮೀಕ್ಷೆ ಸ್ವಾಮಿ. ಹೆಸರೇ ಇಲ್ಲ."

"ಹೆಸರು ಬೇಡ. ಸಹಿ ಬೇಕು. ಸಹಿ ಇಲ್ದಿರೋ ಕಾಗದ ಈ ಮೇಜು ಹತ್ತಲ್ಲ. ಆಮೇಲೆ, ತುಂಬಿದ ಮಾದರಿ ಒಂದನ್ನ ಲಗತ್ತಿಸಿ. ತುಂಬಿದ ಮಾದರಿ ಇಲ್ದೆ ಖಾಲಿ ನಮೂನೆ ಹೊರಗೆ ಹೋಗೋ ಹಾಗಿಲ್ಲ. ನಿಯಮ."

ಮೇಷ್ಟ್ರು ನಿಯಮಕ್ಕೆ ತಲೆಬಾಗಿದರು. ನಮೂನೆಯ ಕೆಳಗೆ 'ಮೇಲ್ಕಂಡ ತೊಂದರೆಗಳು ನಿಜವೆಂದು ದೃಢೀಕರಿಸಿದೆ, ವಿಭಾಗದ ಮುಖ್ಯಸ್ಥರು' ಅಂತ ಒಂದು ಸಾಲು ಸೇರಿಸಿದರು. ಆಮೇಲೆ ಮಾದರಿ ತುಂಬಲು ಕೂತರು.

ಆ ಮಧ್ಯಾಹ್ನ ಮೇಷ್ಟ್ರಿಗೆ ಎಲ್ಲಿಲ್ಲದ ಹುರುಪು. 'ಉಪನ್ಯಾಸಕಿ ಸಂಖ್ಯೆ ೧' ಅಂತ ಬರೆದದ್ದೇ ತಡ, ಪೆನ್ನು ತಾನಾಗಿಯೇ ಓಡಿತು. ಮೂರನೇ ಪಾಠದ ಹೊತ್ತಿಗೆ ಗಂಟಲಲ್ಲಿ ಮರಳು ಹಾಕಿದ ಹಾಗಾಗುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯುವುದಿಲ್ಲ, ಯಾಕೆಂದರೆ ಹೆಂಗಸರ ಶೌಚಾಲಯ ಎರಡು ಕಟ್ಟಡ ಆಚೆಗಿದೆ, ಅದರ ಬೀಗದ ಕೈ ಗುಮಾಸ್ತರ ಡ್ರಾಯರಿನಲ್ಲಿದೆ, ಗುಮಾಸ್ತರು ಊಟಕ್ಕೆ ಹೋಗಿದ್ದಾರೆ. ನಿಂತೂ ನಿಂತೂ ಮೀನಖಂಡದಲ್ಲಿ ನರ ಗಂಟುಕಟ್ಟಿದೆ. ಉತ್ತರಪತ್ರಿಕೆಗಳ ಕಟ್ಟು ಹೊತ್ತು ಮೂರನೇ ಮಹಡಿ ಹತ್ತಿ ಬಲಭುಜ ಹಿಡಿದುಕೊಂಡಿದೆ. ಇಪ್ಪತ್ತೊಂದನೇ ಪ್ರಶ್ನೆ, ತಿಂಗಳ ಆ ದಿನಗಳಲ್ಲೂ ಪೂರ್ತಿ ಹೊತ್ತು ನಿಂತು ಪಾಠ ಮಾಡುತ್ತೀರಾ? ಹೌದು, ಹತ್ತು ನಿಮಿಷ ಕಾಲು ಚಾಚಲು ಜಾಗವಿಲ್ಲ, ಬಾಗಿಲ ಮರೆಯಲ್ಲಿ ನಿಂತು ನೀರಿಲ್ಲದೆ ಮಾತ್ರೆ ನುಂಗುತ್ತೇನೆ. ಬ್ಯಾಗಿನ ಎಡ ಜೇಬಿನಲ್ಲಿ ನೋವಿನ ಮಾತ್ರೆ, ಬಲ ಜೇಬಿನಲ್ಲಿ ಗಂಟಲಿಗೆ ಕಲ್ಲುಸಕ್ಕರೆ, ಯಾವಾಗಲೂ ಇರುತ್ತದೆ.

ಬರೆದದ್ದನ್ನು ಓದಿಕೊಂಡು ಮೇಷ್ಟ್ರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ಎಂಥಾ ಕಲ್ಪನಾಶಕ್ತಿ! ಸಂಖ್ಯಾಶಾಸ್ತ್ರಕ್ಕೆ ಬರದಿದ್ದರೆ ಕಾದಂಬರಿ ಬರೆದು ಹೆಸರು ಮಾಡಬಹುದಿತ್ತು. ಕೊನೆಯ ಅರವತ್ತನಾಲ್ಕನೇ ಪ್ರಶ್ನೆ, 'ನಿಮ್ಮ ತೊಂದರೆಗಳನ್ನು ಮನೆಯಲ್ಲಿ ಕಿವಿಗೊಟ್ಟು ಕೇಳುತ್ತಾರೆಯೇ?' ಇದಕ್ಕೆ ಯೋಚಿಸುವುದೇನಿದೆ ಅಂತ 'ಹೌದು' ಚೌಕಕ್ಕೆ ಗುರುತು ಹಾಕಿದರು. ಎಲ್ಲವೂ ಸಂಪೂರ್ಣವಾಗಿರಲಿ ಅಂತ ಕೆಳಗೆ ಮುಖ್ಯಸ್ಥರ ಸಹಿಯನ್ನೂ ತಾವೇ ಗೀಚಿದರು. ಸಂಖ್ಯಾಶಾಸ್ತ್ರ ವಿಭಾಗದಲ್ಲಿದ್ದವರು ಇಬ್ಬರೇ, ಇನ್ನೊಬ್ಬರು ದೀರ್ಘ ರಜದಲ್ಲಿದ್ದುದರಿಂದ ಮುಖ್ಯಸ್ಥರೂ ಮೇಷ್ಟ್ರೇ. ಅವರ ಸಹಿಯನ್ನು ಬ್ಯಾಂಕಿನವರೂ ಇದುವರೆಗೆ ಓದಿದ್ದಿಲ್ಲ. ಚಹಾ ಲೋಟವನ್ನು ನಮೂನೆಯ ಮೂಲೆಯ ಮೇಲೆ ಇಟ್ಟು ಕುಡಿದು ಮುಗಿಸಿ, ಕಾಗದವನ್ನು ಸೂಕ್ತಮಾರ್ಗರಿಗೆ ಕಳಿಸಿದರು. ಮೇಲುಗಡೆ 'ಮಾದರಿ' ಅಂತ ಬರೆಯುವುದೊಂದು ಮರೆತುಹೋಯಿತು.

ನಲವತ್ತಮೂರು ಖಾಲಿ ನಮೂನೆಗಳು ಹೋದವು. ವಾರವಾದರೂ ಒಂದೂ ವಾಪಸು ಬರಲಿಲ್ಲ. ಮೇಷ್ಟ್ರು ಪಕ್ಕದ ಮನೆಯ ಇತಿಹಾಸದ ಮೇಡಮ್ಮನ್ನು ಕಾಂಪೌಂಡ್ ಗೋಡೆಯ ಮೇಲಿಂದಲೇ ಕೇಳಿದರು.

"ಏನ್ ಮೇಡಂ, ನಮೂನೆ ತುಂಬಿದ್ರಾ?"

"ಸಾರ್, ಆ ಇಪ್ಪತ್ತೊಂದನೇ ಪ್ರಶ್ನೆ ನೀವೇ ಬರ್ದಿದ್ದಾ?"

"ಹೌದು. ಚೆನ್ನಾಗಿದ್ಯಲ್ಲ?"

"ಬಹಳ ಚೆನ್ನಾಗಿದೆ. ಅದಕ್ಕೆ ಉತ್ತರ ಬರ್ದು, ನಮ್ಮ ಹೆಡ್ಡು ಮುಂದೆ ಇಟ್ಟು, 'ಇದು ನಿಜ ಅಂತ ದೃಢೀಕರಿಸಿ ಸಾರ್' ಅಂತ ಕೈಕಟ್ಟಿ ನಿಂತ್ಕೋಬೇಕಾ ನಾನು? ಅವರು ಹೇಗೆ ದೃಢೀಕರಿಸ್ತಾರೆ, ಸ್ವಲ್ಪ ಹೇಳಿ ನೋಡೋಣ!"

ಮೇಷ್ಟ್ರ ಮುಖ ಕಿವಿಯವರೆಗೂ ಕೆಂಪಾಯಿತು. ಗಿಡಕ್ಕೆ ನೀರು ಹಾಕುವುದಿದೆ ಅಂತ ಹೇಳಿ ಒಳಗೆ ಬಂದರು. ಅವರ ಮನೆಯಲ್ಲಿ ಗಿಡ ಇರಲಿಲ್ಲ.

ತಿಂಗಳು ಮುಗಿಯಲು ಮೂರು ದಿನ ಇದ್ದಾಗ ಸೂಕ್ತಮಾರ್ಗರಿಂದ ಲಕೋಟೆ ಬಂತು. ಒಳಗೊಂದು ಟೈಪು ಮಾಡಿದ ಹಾಳೆ. 'ಬಂದ ನಮೂನೆ: ಒಂದು. ಹೌದು: ಅರವತ್ತನಾಲ್ಕು. ಇಲ್ಲ: ಸೊನ್ನೆ.'

ಮೇಷ್ಟ್ರು ಕುರ್ಚಿಯಿಂದ ಎಗರಿ ನಿಂತರು. ಮಾದರಿಯಲ್ಲಿ ತಾವು ಊಹಿಸಿ ಬರೆದದ್ದಕ್ಕೂ, ಯಾರೋ ತಾಯಿ ಧೈರ್ಯವಾಗಿ ತುಂಬಿ ಕಳಿಸಿದ್ದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಬೇರೆ ಯಾರಾಗಿದ್ದರೂ ಇಲ್ಲಿ ಒಂದು ಕ್ಷಣ ಅನುಮಾನಪಡುತ್ತಿದ್ದರು. ಮೇಷ್ಟ್ರು ಹಾಗೇನೂ ಕಾಲಹರಣ ಮಾಡದೆ ವರದಿ ಬರೆದರು: 'ಉತ್ತರಿಸಿದವರಲ್ಲಿ ನೂರಕ್ಕೆ ನೂರು ಮಂದಿಗೆ ಅರವತ್ತಮೂರೂ ತೊಂದರೆಗಳಿವೆ. ಸಮಾಧಾನದ ಸಂಗತಿಯೆಂದರೆ, ನೂರಕ್ಕೆ ನೂರು ಮಂದಿಯ ಮನೆಯವರು ಕಿವಿಗೊಟ್ಟು ಕೇಳುತ್ತಾರೆ.'

ಸಂಜೆ ಹೆಂಡತಿಗೆ ಓದಿ ಹೇಳಿದರು. ಆಕೆಯ ಗಂಟಲು ಆಗಲೇ ಪಿಸುಮಾತಿಗೆ ಇಳಿದಿತ್ತು.

"ಒಬ್ಬರ ಮಾತು ಅಂಕಿಅಂಶ ಆಗಲ್ಲ ಅಂದಿದ್ರಿ?"

"ಅದು ಮನೇಲಿ ಹೇಳಿದ್ರೆ ಕಣೇ. ನಮೂನೇಲಿ ಬರೆದ್ರೆ ಆಗತ್ತೆ."

ಮರುದಿನ ವರದಿ ಓದಿದ ರಿಜಿಸ್ಟ್ರಾರರಿಗೆ ಬೆವರು ಕಿತ್ತುಕೊಂಡು ಬಂತು. ಮೇಷ್ಟ್ರು, ಡಾಕ್ಟರು, ಸೂಕ್ತಮಾರ್ಗರು ಮೂವರನ್ನೂ ಕರೆಸಿದರು.

"ಏನ್ರೀ ಇದು! ಅರವತ್ಮೂರು ಕಾಯಿಲೆ ಇರೋ ಹೆಂಗಸು ನಮ್ಮಲ್ಲಿ ಪಾಠ ಮಾಡ್ತಿದಾರಾ? ನಾಳೆ ಕ್ಲಾಸಲ್ಲಿ ಬಿದ್ದುಗಿದ್ರೆ ಪತ್ರಿಕೇಲಿ ಬರೋದು ಅವರ ಫೋಟೋ ಅಲ್ಲ, ನನ್ನದು!"

"ಒಬ್ರಿಗೇ ಇಷ್ಟೆಲ್ಲಾ ಇದ್ರೆ..." ಡಾಕ್ಟರು ಗಂಭೀರವಾಗಿ ಯೋಚಿಸಿದರು. "ಎರಡು ಮಾತ್ರೆ ಕೊಡಬೇಕಾಗತ್ತೆ."

"ಮೊದಲು ಆಕೆ ಯಾರು ಅಂತ ಹುಡುಕಿ! ಮೂಲ ನಮೂನೆ ಎಲ್ಲಿ?"

ಸೂಕ್ತಮಾರ್ಗರು ಕಡತ ಬಿಚ್ಚಿ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಮೇಷ್ಟ್ರು ಬಗ್ಗಿ ನೋಡಿದರು. ಎಡಕ್ಕೆ ವಾಲಿದ ಅಕ್ಷರ, ಯಾರೂ ಓದಲಾಗದ ಸಹಿ, ಮೂಲೆಯಲ್ಲಿ ಚಹಾ ಲೋಟದ ದುಂಡನೆ ಕಲೆ.

"ಸಹಿ ಯಾರದ್ರೀ?" ಅಂದರು ರಿಜಿಸ್ಟ್ರಾರರು.

"ಓದಕ್ಕಾಗಲ್ಲ ಸಾರ್. ಆದ್ರೆ ಸಹಿ ಇದೆ. ಸೂಕ್ತ ಮಾರ್ಗದಲ್ಲೇ ಬಂದಿದೆ."

"ಅಕ್ಷರ ನೋಡಿದ್ರೆ ಬಹಳ ನರಳಿದ ಜೀವ ಅನ್ಸತ್ತೆ, ಪಾಪ" ಅಂದರು ಡಾಕ್ಟರು.

"ಯಾರ ಅಕ್ಷರ, ಗುರುತು ಸಿಗತ್ತಾ ಮೇಷ್ಟ್ರೇ?"

"ಎಲ್ಲೋ... ನೋಡಿದ ಹಾಗಿದೆ ಸಾರ್" ಅಂದರು ಮೇಷ್ಟ್ರು. ಗಂಟಲು ಒಣಗಿ ಮರಳು ಹಾಕಿದ ಹಾಗಾಗಿತ್ತು.

"ನಾಳೆ ಹನ್ನೊಂದು ಗಂಟೆಗೆ ಆಕೆ ಬಂದು ನನ್ನ ಮುಂದೆ ನಿಲ್ಲಬೇಕು. ಬಂದ್ರೆ ಕೋಣೆ ಮಂಜೂರು. ಬರದಿದ್ರೆ ಈ ಸಮೀಕ್ಷೆ ಸುಳ್ಳು, ಕೋಣೆ ಕುರ್ಚಿಗೆ, ಅಧ್ಯಕ್ಷರಿಗೆ ನೋಟಿಸು."

ಮಧ್ಯಾಹ್ನದೊಳಗೆ ನಮೂನೆಯ ಪ್ರತಿ ಎಲ್ಲ ವಿಭಾಗಗಳ ನೋಟಿಸ್ ಬೋರ್ಡಿಗೂ ಏರಿತು. ಕೆಳಗೆ 'ಉಪನ್ಯಾಸಕಿ ಸಂಖ್ಯೆ ಒಂದು ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಆರೋಗ್ಯ ಕೇಂದ್ರದಲ್ಲಿ ಖುದ್ದು ಹಾಜರಾಗತಕ್ಕದ್ದು' ಅಂತ ಆಜ್ಞೆ.

ಆ ಸಂಜೆ ಮೇಷ್ಟ್ರು ಮನೆಗೆ ಬಂದಾಗ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಮಾತಿಲ್ಲ. ಬಾಯಿ ತೆರೆದರೆ ಬರೀ ಗಾಳಿ. ಸಾಮಾನು ಬರೆಯುವ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದು ಮುಂದಿಟ್ಟರು. 'ಗಂಟಲು ಪೂರ್ತಿ ಹೋಯ್ತು. ನಾಳೆ ನಾಲ್ಕು ಪಾಠ. ನೋಟಿಸು ನೋಡ್ದೆ.'

"ಹೂಂ" ಅಂದರು ಮೇಷ್ಟ್ರು. ಆಮೇಲೆ ಪತ್ರಿಕೆ ಬಿಡಿಸಿದರು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಒಂದು ಸಾಲೂ ತಲೆಗೆ ಹತ್ತಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಯಾರೂ ಏನೂ ಹೇಳುತ್ತಿರಲಿಲ್ಲ. ಮೇಷ್ಟ್ರಿಗೆ ನಿಜವಾಗಿ ಹೆದರಿಕೆಯಾಯಿತು.

"ಬೈಯೇ. ಪರವಾಗಿಲ್ಲ, ಒಂದು ಸಲ ಬೈದುಬಿಡೇ" ಅಂದರು. ಆಕೆ ಗಂಡನ ಮುಖವನ್ನೇ ನೋಡಿ, ಎದ್ದು ಉಪ್ಪುನೀರು ಕಾಯಿಸಲು ಹೋದರು. ಮೇಷ್ಟ್ರಿಗೆ ಊಟ ಸೇರಲಿಲ್ಲ.

ಮರುದಿನ ಮೇಷ್ಟ್ರು ತಪ್ಪೊಪ್ಪಿಗೆಯನ್ನು ಬರೆದು ಜೇಬಿನಲ್ಲಿಟ್ಟುಕೊಂಡೇ ಆರೋಗ್ಯ ಕೇಂದ್ರಕ್ಕೆ ಹೋದರು. ರಿಜಿಸ್ಟ್ರಾರರು, ಸೂಕ್ತಮಾರ್ಗರು ಆಗಲೇ ಬಂದಿದ್ದರು. ಡಾಕ್ಟರು ರಕ್ತದೊತ್ತಡದ ಯಂತ್ರವನ್ನು ಬೀರುವಿನಿಂದ ಹೊರತೆಗೆದು ಧೂಳು ಊದುತ್ತಿದ್ದರು. ಸರಿಯಾಗಿ ಹನ್ನೊಂದಕ್ಕೆ ಇತಿಹಾಸದ ಮೇಡಂ ಒಳಗೆ ಬಂದರು.

"ನಂಬರ್ ಒಂದು ನಾನೇ" ಅಂದರು.

ಮೇಷ್ಟ್ರು ಕಕ್ಕಾಬಿಕ್ಕಿಯಾದರು. ರಿಜಿಸ್ಟ್ರಾರರು ಉಸಿರು ಬಿಟ್ಟು, "ಸದ್ಯ! ಕೂತ್ಕೊಳ್ಳಿ ಮೇಡಂ" ಅನ್ನುವಷ್ಟರಲ್ಲಿ ಸಸ್ಯಶಾಸ್ತ್ರದ ಮೇಡಂ ಬಂದರು. "ಅವರಲ್ಲ ಸಾರ್, ನಂಬರ್ ಒಂದು ನಾನು." ಅವರ ಹಿಂದೆಯೇ ಭೂಗೋಳದವರು. "ಅದರಲ್ಲಿ ಬರ್ದಿರೋದೆಲ್ಲ ನಂದು. ಯಾರೋ ನಮ್ಮನೆ ಕಿಟಕೀಲಿ ನಿಂತು ಕೇಳಿಸ್ಕೊಂಡು ಬರ್ದಿದಾರೆ!"

ಸೂಕ್ತಮಾರ್ಗರು ಎದ್ದು ನಿಂತರು. "ಹಾಗೆಲ್ಲಾ ಆಗಲ್ಲ! ನಂಬರ್ ಒಂದು ಅಂದ್ರೆ ಒಬ್ಬರೇ ಇರಬೇಕು!" ಅನ್ನುತ್ತಾ ಬಾಗಿಲಿಗೆ ಹೋಗಿ ಹೊರಗೆ ನೋಡಿದವರು ಹಾಗೇ ನಿಂತುಬಿಟ್ಟರು. ಉಪನ್ಯಾಸಕಿಯರ ಸಾಲು ಮೆಟ್ಟಿಲು ಇಳಿದು, ಹಾಸ್ಟೆಲ್ಲಿನ ಗೋಡೆ ಸುತ್ತಿ ನಿಂತಿತ್ತು.

"ರುಜುವಾತು ಬೇಕು! ಎಲ್ಲಾರೂ ಬ್ಯಾಗು ಬಿಚ್ಚಿ" ಅಂದರು ರಿಜಿಸ್ಟ್ರಾರರು. "ಎಡ ಜೇಬಲ್ಲಿ ಮಾತ್ರೆ, ಬಲ ಜೇಬಲ್ಲಿ ಕಲ್ಲುಸಕ್ಕರೆ ಇರೋರೇ ನಂಬರ್ ಒಂದು!"

ಬ್ಯಾಗುಗಳು ಸರಸರನೆ ತೆರೆದವು. ಎಡದಲ್ಲಿ ಮಾತ್ರೆ, ಬಲದಲ್ಲಿ ಕಲ್ಲುಸಕ್ಕರೆ. ಎಡದಲ್ಲಿ ಮಾತ್ರೆ, ಬಲದಲ್ಲಿ ಕಲ್ಲುಸಕ್ಕರೆ. ಭೂಗೋಳದವರ ಬ್ಯಾಗಿನಲ್ಲಿ ಮಾತ್ರ ಎಡ ಬಲ ಅದಲುಬದಲಾಗಿತ್ತು, ಅವರು ಎಡಗೈಯವರು.

"ಹಾಗಾದ್ರೆ ಇದನ್ನ ಬರೆದವರು ಯಾರು? ನಿಜ ಹೇಳಿ, ಯಾರು ನಂಬರ್ ಒಂದು?" ರಿಜಿಸ್ಟ್ರಾರರು ಮೇಜು ಗುದ್ದಿದರು.

ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ಜೇಬಿನ ಕಾಗದ ಮರೆತೇಹೋಯಿತು. ಎದ್ದು ನಿಂತು, ಸಾಲಿನ ಕೊನೆಯವರೆಗೂ ಕೇಳಿಸುವಷ್ಟು ಜೋರಾಗಿ ಕೂಗಿದರು.

"ಉಪನ್ಯಾಸಕಿ ಸಂಖ್ಯೆ ಒಂದು ನಾನೇ ಸಾರ್!"

ಡಾಕ್ಟರು ಅಭ್ಯಾಸಬಲದಿಂದ ಮೇಷ್ಟ್ರ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿ, "ಇವರದು ಜಾಸ್ತಿ ಇದೆ" ಅಂತ ಒಂದು ಹಳದಿ ಮಾತ್ರೆ ಕೊಟ್ಟರು. ಮೇಷ್ಟ್ರು ಅದನ್ನು ನೀರಿಲ್ಲದೆ ನುಂಗಿ ನಡೆದದ್ದೆಲ್ಲ ಹೇಳಿದರು. ಮಾದರಿ ಅಂತ ಬರೆಯದೆ ಇದ್ದದ್ದು, ಸಹಿ ತಾವೇ ಗೀಚಿದ್ದು, ಎಲ್ಲಾ.

"ಬರೀದೇ ಇರೋದನ್ನ ನಾನು ಓದೋದು ಹೇಗೆ?" ಅಂದರು ಸೂಕ್ತಮಾರ್ಗರು.

ರಿಜಿಸ್ಟ್ರಾರರು ಕಡತ ಮುಚ್ಚಿದರು. "ಅಲ್ಲಿಗೆ ಸಮೀಕ್ಷೆ ಸುಳ್ಳು."

"ಬರೆದವರು ಸುಳ್ಳು ಸಾರ್, ಬರೆದದ್ದು ನಿಜ" ಅಂದರು ಇತಿಹಾಸದ ಮೇಡಂ. ಕಡತವನ್ನು ತಮ್ಮ ಕಡೆ ಎಳೆದುಕೊಂಡು, ಮೇಷ್ಟ್ರ ನಮೂನೆಯ ಹಿಂದುಗಡೆ 'ಇದು ನನ್ನದೂ ಹೌದು' ಅಂತ ಬರೆದು ಸಹಿ ಹಾಕಿ, ಹಿಂದಿದ್ದವರಿಗೆ ಪೆ‌ನ್ನು ಕೊಟ್ಟರು. ಸೂಕ್ತಮಾರ್ಗರು ನಿಯಮಗಳ ಪುಸ್ತಕವನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುವಿದರು. ಒಂದು ಕಾಗದದ ಮೇಲೆ ಎಷ್ಟು ಸಹಿ ಇರಬಾರದು ಅಂತ ಎಲ್ಲೂ ಇರಲಿಲ್ಲ. ಹೊರಗಡೆ, ಪಾಠ ಮಾಡಲು ಮೇಡಂಗಳು ಬಾರದ ಕಾರಣ ಹುಡುಗರೆಲ್ಲ ಸಾಲಿನ ಸುತ್ತ ಸೇರತೊಡಗಿದ್ದರು. ರಿಜಿಸ್ಟ್ರಾರರು ಪತ್ರಿಕೆಯ ಫೋಟೋ ನೆನೆಸಿಕೊಂಡರೋ ಏನೋ, ಕೆಳಗೆ 'ಕೊಠಡಿ ಮಂಜೂರು' ಅಂತ ಬರೆದು ಎದ್ದುಹೋದರು.

ಸಾಲಿನ ಕೊನೆಯಲ್ಲಿದ್ದವರು ರಸಾಯನಶಾಸ್ತ್ರದ ಮೇಡಂ. ಸಹಿ ಹಾಕಿ, ಗಂಡನ ಮುಂದೆ ಒಂದು ಚೀಟಿ ಇಟ್ಟರು. 'ಈಗ ನಲವತ್ಮೂರು ಜನ. ಅಂಕಿಅಂಶ ಆಯ್ತಾ?' ಆಮೇಲೆ ಕೆಂಪು ಪೆನ್ನು ತೆಗೆದು, ನಮೂನೆ ತಿರುಗಿಸಿ, ಉತ್ತರಪತ್ರಿಕೆ ತಿದ್ದುವ ಹಾಗೆ ಸರಸರನೆ ಸರಿ ಗುರುತು ಹಾಕುತ್ತಾ ಹೋದರು. ಮರಳು, ಸರಿ. ಬೀಗದ ಕೈ, ಸರಿ. ಮೀನಖಂಡ, ಭುಜ, ಬಾಗಿಲ ಮರೆ, ಕಲ್ಲುಸಕ್ಕರೆ, ಎಲ್ಲಾ ಸರಿ. ಮೇಷ್ಟ್ರು ಆಗ ಆಕೆಯ ಬಲಭುಜ ನೋಡಿದರು. ಹದಿನಾಲ್ಕು ವರ್ಷ ಪತ್ರಿಕೆಯ ಆಚೆಯಿಂದ ಕಿವಿಗೆ ಬಿದ್ದದ್ದನ್ನೇ ತಾವು ಬರೆದು, ಕಲ್ಪನಾಶಕ್ತಿ ಅಂತ ಬೀಗಿದ್ದು ತಿಳಿದು ತಲೆ ತಗ್ಗಿತು.

ಅರವತ್ತನಾಲ್ಕನೇ ಪ್ರಶ್ನೆಗೆ ಬಂದು ಕೆಂಪು ಪೆನ್ನು ನಿಂತಿತು. 'ಹೌದು' ಮೇಲೆ ಉದ್ದಕ್ಕೊಂದು ಅಡ್ಡಗೆರೆ ಬಿತ್ತು. ಪಕ್ಕದಲ್ಲಿ ಬರೆದರು: 'ಸೊನ್ನೆ. ಮರುಪರೀಕ್ಷೆಗೆ ಅವಕಾಶವಿದೆ.'

ಕೋಣೆಗೆ ಸುಣ್ಣ ಬಳಿದರು, ಮಂಚ ಬಂತು, ಒಳಗಡೆಯಿಂದ ಚಿಲಕ ಹಾಕುವ ಶೌಚಾಲಯ ಬಂತು, ಡಾಕ್ಟರಮ್ಮ ಬಂದರು. ಮೊದಲ ದಿನ ಮೊದಲು ಒಳಗೆ ಹೋದವರು ರಸಾಯನಶಾಸ್ತ್ರದ ಮೇಡಂ. "ಇನ್ನು ಹತ್ತು ದಿನ ಬಿಟ್ಟಿದ್ರೆ ದನಿ ವಾಪಸ್ ಬರ್ತಿರಲಿಲ್ಲ" ಅಂದರಂತೆ ಡಾಕ್ಟರಮ್ಮ. ಔಷಧಿ ಕೊಟ್ಟು, ಮೂರು ವಾರ ರಜ ಬರೆದು, ಪೂರ್ತಿ ಮೌನ ಅಂತ ಹೇಳಿ ಕಳಿಸಿದರು. ಆ ಮೂರು ವಾರ ಮೇಷ್ಟ್ರು ಮನೆ ತುಂಬಾ ಚೀಟಿ ಹುಡುಕಿಕೊಂಡು ಓದಿದರು.

ಇಪ್ಪತ್ತೆರಡನೇ ದಿನ ಸಂಜೆ ಪತ್ರಿಕೆಯ ಆಚೆಯಿಂದ, ಸ್ವಲ್ಪ ಒಡಕಾದರೂ ಗುರುತು ಸಿಗುವ ದನಿ ಕೇಳಿಸಿತು.

"ರೀ, ನಾಳೆಯಿಂದ ಪಾಠ ಇದೆ. ಮೈಕು ಇನ್ನೂ ರಿಪೇರಿ ಆಗಿಲ್ಲ. ಎಡಗಾಲು ಮತ್ತೆ ಸೆಳೀತಿದೆ, ಬುಧವಾರ ತೋರಿಸ್ಕೋತೀನಿ. ಹಾಲು ಉಕ್ತಿದೆ, ಆರಿಸಿ. ಕೇಳಿಸ್ತಾ?"

"ಹೂಂ."

"ಏನು ಹೇಳ್ದೆ? ಹೇಳಿ ನೋಡೋಣ."

ಮೇಷ್ಟ್ರು ಪತ್ರಿಕೆ ಮಡಿಸಿ ಕೆಳಗಿಟ್ಟರು. ಮೈಕು, ಎಡಗಾಲು, ಬುಧವಾರ ಅಂತ ಒಂದೂ ಬಿಡದೆ ಒಪ್ಪಿಸಿದರು. ಅಷ್ಟು ಒಪ್ಪಿಸುವುದರೊಳಗೆ ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. ಆಕೆ ಒಲೆ ನೋಡಿದರು, ಗಂಡನ ಮುಖ ನೋಡಿದರು, ಕೆಂಪು ಪೆನ್ನು ತಂದು ಗೋಡೆಯ ಕ್ಯಾಲೆಂಡರಿನ ಮೇಲೆ ಅರ್ಧ ಅಂಕ ಹಾಕಿದರು.

ಕಥೆಯಲ್ಲಿ ಆದ ಎಡವಟ್ಟೆಲ್ಲ ಮೇಷ್ಟ್ರದು, ನನಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಆ ಅರ್ಧ ಅಂಕ ಮಾತ್ರ ನನ್ನದು.